ಹೆಡ್‌ಲೈಟಿನ ಎಡ ಬಲ

ಜಯಲತಾ: ಒಂದು ಬಲ್ಬಿಗೆ ಎರಡು ಗಂಟೆ. ಮಧ್ವಣ್ಣನ ಗ್ಯಾರೇಜಿಗೆ ಕೊಟ್ಟಿದ್ರೆ ಹತ್ತು ನಿಮಿಷದ ಕೆಲಸ ಮಾರಾಯ್ರೆ.

ತಾರಾನಾಥ: ಅದಕ್ಕೇ ಕೊಡ್ಲಿಲ್ಲ. 'ಬಾವನಿಗೆ ಬಾನೆಟ್ ತೆಗೀಲಿಕ್ಕೆ ಸಹ ಬರುದಿಲ್ಲ' ಅಂತ ನಿನ್ನಣ್ಣ ಮದುವೆಯೂಟದ ಪಂಕ್ತಿಯಲ್ಲಿ ಹೇಳಿದ್ದು ಮರ್ತು ಹೋಯ್ತಾ?

ಆ ಮಾತಿಗೆ ಇಡೀ ಪಂಕ್ತಿ ನಕ್ಕಿತ್ತು. ಇಂದು ಸಂಜೆ ಠಾಣೆ ಶಹರದಲ್ಲಿ ಅದೇ ಮಧ್ವರಾಜನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಲ್ಲಿನ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಗ್ಯಾರೇಜು ಇಟ್ಟ ಆ ಮನುಷ್ಯ ಬಂದವರ ಮುಖಕ್ಕಿಂತ ಮೊದಲು ಕಾರಿನ ಮುಖ ನೋಡುತ್ತಾನೆ. ಎರಡೂ ಹೆಡ್‌ಲೈಟ್ ಉರಿಸಿಕೊಂಡೇ ಅವನ ಗೇಟು ದಾಟಬೇಕೆಂದು ತಾರಾನಾಥ ಹಟ ತೊಟ್ಟಿದ್ದ. ಮೊಬೈಲಿನಲ್ಲಿ ಒಂದು ವಿಡಿಯೋವನ್ನು ಎರಡು ಸಲ ನೋಡಿ, ನೆರೂಳದ ತನ್ನ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ಹೊಸ ಬಲ್ಬು ಹಿಡಿದು ನಿಂತಿದ್ದ.

ಸ್ವಿಚ್ಚು ಒತ್ತಲು ಡ್ರೈವರ್ ಸೀಟಿನಲ್ಲಿ ಎರಡನೇ ಮಾಳಿಗೆಯ ಹುಲಗಪ್ಪ ಕುಳಿತಿದ್ದ. ಗದಗದ ಕಡೆಯವನು, ಕರೆಯದೆಯೂ ಉಪಕಾರ ಮಾಡುವುದರಲ್ಲಿ ಎತ್ತಿದ ಕೈ. ಅವನಿಗೆ ತುಳು ಬಾರದೆಂದು ಗಂಡ ಹೆಂಡತಿ ಮನೆಮಾತು ಬಿಟ್ಟು ಕನ್ನಡದಲ್ಲೇ ಜಗಳವಾಡುತ್ತಿದ್ದರು.

ಹುಲಗಪ್ಪ: ಯಾವ ಕಡೀದು ಹೋಗೇತ್ರಿ ಸಾಹೇಬ್ರ?

ತಾರಾನಾಥ: ಎಡದ್ದು.

ಜಯಲತಾ: ನಂಗೆ ಬಲದಲ್ಲಿ ಕಾಣ್ತದೆ.

ತಾರಾನಾಥ: ನೀನು ಎದುರು ನಿಂತಿದ್ದೀಯಲ್ಲ.

ಜಯಲತಾ: ಇಪ್ಪತ್ತು ವರ್ಷದಿಂದ ನಿಮ್ಮ ಎದುರೇ ನಿಂತಿದ್ದೇನೆ. ಒಂದು ಸಲವಾದ್ರೂ ನನ್ನ ಕಡೆಯಿಂದ ನೋಡಿದ್ದುಂಟಾ?

ಅವಳು ಪೂಜೆಗೆ ಹೂ ಕೊಳ್ಳಲು ಗೇಟಿನ ಕಡೆ ಹೊರಟಳು. ತಾರಾನಾಥ ಎಡ ಲೈಟಿನ ಹಿಂದೆ ಕೈ ತೂರಿಸಿದ. ಬಲ್ಬು ಕೂತಿತು. ಕೈ ಮಾತ್ರ ಹೊರಗೆ ಬರಲಿಲ್ಲ, ವಾಚು ಒಳಗೆ ಯಾವುದೋ ತಂತಿಗೆ ಸಿಕ್ಕಿಕೊಂಡಿತ್ತು. ಆ ನೋವಿನಲ್ಲಿ ಅವನಿಗೆ ಕನ್ನಡ ಮರೆತೇಹೋಯಿತು.

ತಾರಾನಾಥ: ಜಯಾ, ಬಲ. ಬೇಗ ಬಲ.

ತುಳುವಿನಲ್ಲಿ 'ಬಲ' ಎಂದರೆ 'ಬಾ'. ಗದಗಿನಲ್ಲಿ ಬಲ ಎಂದರೆ ಬಲವೇ.

ಹುಲಗಪ್ಪ: ಬಲಕ್ಕೇನ್ರಿ? ಹಾಕ್ದೆ ನೋಡ್ರಿ.

ಬಲಗಡೆಯ ಇಂಡಿಕೇಟರ್ ಮಿನುಗತೊಡಗಿತು.

ತಾರಾನಾಥ: ಇಂಚಿ ಬಲ ಮಾರಾಯ್ತಿ.

ಇತ್ತ ಬಾ ಎಂದು ಅವನು ಕರೆದದ್ದು ಹೆಂಡತಿಯನ್ನು. ಉತ್ತರ ಬಂದದ್ದು ಡ್ರೈವರ್ ಸೀಟಿನಿಂದ.

ಹುಲಗಪ್ಪ: ಎಷ್ಟ್ ಇಂಚ್ರಿ?

ಸ್ಟೇರಿಂಗು ಬಲಕ್ಕೆ ತಿರುಗಿತು, ಅದರ ಜೊತೆ ಚಕ್ರವೂ.

ತಾರಾನಾಥ: ಅದಲ್ಲ ಮಾರಾಯ್ರೆ. ಜಯಾ, ಬಲ, ಬಲ.

ಹುಲಗಪ್ಪ: ಓ, ಬಲಗಡೆ ಬಲ್ಬ್ ಅಂತೀರೇನು? ಮೊದಲ ಹೇಳಬಾರದೇನ್ರಿ.

ಅವನು ಇಳಿದು ಬಂದ. ವಿಡಿಯೋವನ್ನು ಅವನೂ ಇಣುಕಿ ನೋಡಿದ್ದನಲ್ಲ. ಚೆನ್ನಾಗಿ ಉರಿಯುತ್ತಿದ್ದ ಬಲಗಡೆಯ ಬಲ್ಬನ್ನು ಎರಡೇ ನಿಮಿಷದಲ್ಲಿ ಹೊರಗೆಳೆದು, ಗೆದ್ದವನ ಹಾಗೆ ಎತ್ತಿ ತೋರಿಸಿದ.

ತಾರಾನಾಥ: ಅಯ್ಯೋ, ಅದು ಒಳ್ಳೇ ಬಲ್ಬು. ಬಿಡಿ ಅದನ್ನು.

ಹುಲಗಪ್ಪ ಬಿಟ್ಟ. ಬಲ್ಬು ನೆಲಕ್ಕೆ ಬಿದ್ದು ಚೂರಾಯಿತು.

ಹುಲಗಪ್ಪ: ನೀವ ಬಿಡು ಅಂದ್ರಲ್ರಿ.

ಅಷ್ಟರಲ್ಲಿ ಜಯಲತಾ ಹೂವಿನೊಂದಿಗೆ ಬಂದಳು. ಏನೂ ಕೇಳದೆ ವಾಚಿನ ಕೊಂಡಿ ಬಿಚ್ಚಿ ಗಂಡನ ಕೈ ಬಿಡಿಸಿದಳು. ಸ್ವಿಚ್ಚು ಒತ್ತಿದರೆ ಎಡಗಡೆ ಝಗಝಗ, ಬಲಗಡೆ ಕತ್ತಲೆ. ಭಾನುವಾರವಾದ್ದರಿಂದ ಬಲ್ಬಿನ ಅಂಗಡಿ ಮಧ್ಯಾಹ್ನಕ್ಕೇ ಬಾಗಿಲು ಹಾಕಿತ್ತು. ತಾರಾನಾಥನಿಗೆ ಅಳುವುದೊಂದೇ ಬಾಕಿ. ಪಂಕ್ತಿಯ ನಗು ಈಗಲೇ ಕಿವಿಗೆ ಬೀಳುತ್ತಿತ್ತು.

ತಾರಾನಾಥ: ಟ್ರೈನಲ್ಲಿ ಹೋಗುವ. ಕಾರು ಇಲ್ಲೇ ಇರ್ಲಿ.

ಜಯಲತಾ: ಬೆಳಕಿರುವಾಗ್ಲೇ ಹೊರಟ್ರೆ ಲೈಟು ಯಾಕೆ? ಕೈ ತೊಳೀರಿ.

ಆಗ ಅವಳ ಫೋನು ರಿಂಗಾಯಿತು. ಮಧ್ವರಾಜನೇ. ಒಂದು ಲೈಟು ಹೋದದ್ದನ್ನು ಬೆಳಿಗ್ಗೆಯೇ ಅವಳು ಅವನಿಗೆ ಹೇಳಿದ್ದಳು. ಒಡೆದ ಬಲ್ಬಿನ ಸುದ್ದಿ ಹೇಳಬೇಡವೆಂದು ತಾರಾನಾಥ ಮಸಿ ಹತ್ತಿದ ಎರಡೂ ಕೈ ಜೋಡಿಸಿದ. ಗಂಡನನ್ನು ಒಮ್ಮೆ ನೋಡಿ, ಹುಲಗಪ್ಪನಿಗೂ ತಿಳಿಯಲೆಂದು ಅವಳು ಕನ್ನಡದಲ್ಲೇ ಶುರುಮಾಡಿದಳು.

ಜಯಲತಾ: ಹಾಂ ಅಣ್ಣಾ, ಹೊರಟಿದ್ದೇವೆ. ಲೈಟಾ? ಎಡದ್ದು ಇವ್ರೇ ಹಾಕಿದ್ರು, ಚಂದ ಉರೀತದೆ. ಬಲದ್ದು ನಿಂಗೇಂತ ಬಿಟ್ಟಿದ್ದಾರೆ. ಎರಡನ್ನೂ ಇವ್ರೇ ಹಾಕಿದ್ರೆ ನಿನ್ನ ಗ್ಯಾರೇಜು ನಡೆಯುದು ಬೇಡ್ವಾ?