ತೊಟ್ಟು ಬಿಡಿಸಿದ ಲಾಬ್‌ಸ್ಟರ್

ಬ್ಯಾಡಗಿಯ ನಮ್ಮ ಓಣಿಯಲ್ಲಿ ಎಂ.ಎಸ್ಸಿ. ಮುಗಿಸಿದ ಮೊದಲ ಹೆಣ್ಣುಮಗಳು ನಾನು. ಯಾರೂ ಕೇಳದಿದ್ದರೂ ಇದನ್ನು ಹೇಳುತ್ತೇನೆ. ಮೆಣಸಿನಕಾಯಿಯ ತೊಟ್ಟು ಬಿಡಿಸಿಯೇ ಅವ್ವ ನನ್ನನ್ನು ಓದಿಸಿದಳು. ಅವಳ ಪಕ್ಕ ಕೂತು ತೊಟ್ಟು ಬಿಡಿಸುತ್ತಲೇ ನಾನು ಪ್ರಾಣಿಶಾಸ್ತ್ರ ಕಲಿತೆ. ಹೀಗಾಗಿ ತೊಂಬತ್ತರ ದಶಕದ ಆರಂಭದಲ್ಲಿ, ರಾಣೆಬೆನ್ನೂರಿನ ಕಾಲೇಜೊಂದು ಉಪನ್ಯಾಸಕಿಯ ಹುದ್ದೆಗೆ ಮಾದರಿ ಪಾಠ ಮಾಡಲು ಕರೆದಾಗ ನನಗೆ ಭಯವೇ ಆಗಲಿಲ್ಲ. ಆಗಬೇಕಿತ್ತು!

ವಿಷಯ ನಾನೇ ಆರಿಸಿದ್ದು: ಸ್ಕ್ವಾಟ್ ಲಾಬ್‌ಸ್ಟರ್. ಸಿಗಡಿಯಂಥ ಮೈಯ, ಏಡಿಯಂತೆ ಬಾಲ ಮಡಚಿ ಕೂರುವ ಕಡಲ ಜೀವಿ. ಧಾರವಾಡದ ನನ್ನ ಗುರುಗಳು ಒಣಗಿಸಿದ ಎರಡನ್ನು ಕೊಟ್ಟು ಕಳಿಸಿದ್ದರು. ಜಾತಿ ಎರಡು, ರೂಪ ಒಂದೇ. ಒಂದರ ಹಿಂಭಾಗದ ಎರಡನೇ ಪಟ್ಟಿಯ ಮೇಲೆ ಸಣ್ಣ ಮುಳ್ಳುಗಳ ಸಾಲು, ಇನ್ನೊಂದರದು ನುಣುಪು. ಇಷ್ಟೇ ವ್ಯತ್ಯಾಸ. ನನ್ನ ನೌಕರಿ ಆ ಮುಳ್ಳಿನ ಮೇಲೆ ನಿಂತಿತ್ತು.

ಆ ಬೆಳಿಗ್ಗೆ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಅವ್ವ ಮತ್ತು ನೆರೆಮನೆಯ ಗಿರಿಜಕ್ಕ ಮೆಣಸಿನಕಾಯಿ ರಾಶಿಯ ಮುಂದೆ ಕೂತಿದ್ದರು. ನಾನೂ ಕೂತು, ಎರಡೂ ಪ್ರಾಣಿಗಳನ್ನು ಉಡಿಯಲ್ಲಿಟ್ಟುಕೊಂಡು ಪಾಠದ ತಾಲೀಮು ಶುರುಮಾಡಿದೆ.

“ಎರಡೂ ಒಂದ ಅದಾವಲ್ಲವಾ ಶಾಂತಾ?” ಎಂದು ನನ್ನನ್ನು ಕೇಳಿದಳು ಗಿರಿಜಕ್ಕ.

“ಹಂಗ ಅನಬ್ಯಾಡ,” ಎಂದಳು ಅವ್ವ. “ಮೆಣಸಿನಕಾಯಾಗ ಕಡ್ಡಿ ಜಾತಿ ಯಾವುದು, ಡಬ್ಬಿ ಜಾತಿ ಯಾವುದು ಅಂತ ನೀ ಕಣ್ಣು ಮುಚ್ಚಿ ಹೇಳ್ತಿಯಿಲ್ಲೋ? ನನ್ನ ಮಗಳು ಇವನ್ನ ಹೇಳ್ತಾಳ.”

ನನಗೆ ಹುರುಪೇರಿತು. ಅಂಗರಚನೆಯ ಮಹತ್ವವನ್ನು ಘನಗಂಭೀರವಾಗಿ ಮಂಡಿಸಿದೆ. ಕೊನೆಗೆ, “ಆದಕಾರಣ, ಈ ಮುಳ್ಳಿನ ಸಾಲೇ ಈ ಜಾತಿಯ ಹೆಗ್ಗುರುತು!” ಎಂದು ಪ್ರಾಣಿಯನ್ನು ಎತ್ತಿ ಹಿಡಿದೆ.

“ಎಲ್ಲಿ ಐತಿ ಮುಳ್ಳು?” ಎಂದಳು ಅವ್ವ.

ಇರಲಿಲ್ಲ! ಬಾಯಿ ಭಾಷಣ ಮಾಡುತ್ತಿದ್ದಾಗ ಬೆರಳುಗಳು ತಮಗೆ ಗೊತ್ತಿದ್ದ ಕೆಲಸ ಮಾಡಿದ್ದವು. ಚಟ್, ಚಟ್, ಚಟ್. ತೊಟ್ಟು ಬಿಡಿಸಿದ್ದವು.

“ಕೈ ಚೊಲೋ ಅದ ಬಿಡವಾ,” ಗಿರಿಜಕ್ಕ ಮೆಚ್ಚಿದಳು. “ಒಂದೂ ಉಳಿದಿಲ್ಲ.”

ಗಾಬರಿಯಲ್ಲಿ ಎರಡನ್ನೂ ಕೆಳಗಿಟ್ಟು ಮುಳ್ಳು ಹುಡುಕಿದೆ. ಅಷ್ಟು ದೊಡ್ಡ ತೊಟ್ಟಿನ ಗುಡ್ಡೆಯಲ್ಲಿ ಎಲ್ಲಿ ಸಿಗಬೇಕು?

“ಅಳಬ್ಯಾಡ,” ಎಂದಳು ಅವ್ವ. “ತೊಟ್ಟಿನ ತುದಿ ಸಣ್ಣಗ ಕತ್ತರಿಸಿ ಅಂಟಸು. ಲಗೂ!”

ಸ್ನಾತಕೋತ್ತರ ಪದವೀಧರೆಯಾದ ನಾನು ಅಂಟಿಸಿದೆ! ಎರಡರಲ್ಲಿ ಯಾವುದಕ್ಕೆ ಅಂಟಿಸಿದೆ ಎಂಬ ಪ್ರಶ್ನೆ ಹುಟ್ಟಿದ್ದು ಬಸ್ಸು ಊರು ದಾಟಿದ ಮೇಲೆ.

ಕಾಲೇಜಿನಲ್ಲಿ ಸಂದರ್ಶನಕ್ಕೆ ಬಂದಿದ್ದ ಹಿರಿಯ ಪ್ರಾಧ್ಯಾಪಕರು ಭೂತಗನ್ನಡಿ ಹಿಡಿದು, ಮೂಗು ತಾಗುವಷ್ಟು ಬಾಗಿ ನೋಡಿದರು. ಆಕ್ಷೀ! ಮತ್ತೊಮ್ಮೆ ಆಕ್ಷೀ! ಮೂರನೆಯ ಸೀನಿಗೆ ಒಂದು ಮುಳ್ಳು ಹಾರಿ ಮೇಜಿನ ಮೇಲೆ ಬಿತ್ತು.

“ಇದು ಯಾವ ಸಮುದ್ರದ ಮುಳ್ಳರಿ?” ಎಂದರು ಕಣ್ಣೊರೆಸಿಕೊಳ್ಳುತ್ತ.

“ಬ್ಯಾಡಗೀದು, ಸರ್.”

ನಡೆದದ್ದನ್ನೆಲ್ಲ ಹೇಳಿದೆ. ಕೋಣೆ ತುಂಬ ನಗು. ಆ ಪ್ರಾಧ್ಯಾಪಕರೊಬ್ಬರೇ ನಗಲಿಲ್ಲ. “ಹಂಗಾದ್ರ ಈಗ ಯಾವುದು ಯಾವ ಜಾತಿ? ಹೇಳ್ರಿ ನೋಡೋಣ.”

ಅವರ ಭೂತಗನ್ನಡಿಯನ್ನೇ ಕೇಳಿ ಪಡೆದೆ. ಬೋಳಾಗಿ ಕಂಡದ್ದರ ಎರಡನೇ ಪಟ್ಟಿಯ ಮೇಲೆ, ಸಾಲಾಗಿ, ಮುರಿದ ಬುಡದ ಸಣ್ಣ ಗುರುತುಗಳು! ತೊಟ್ಟು ಕಿತ್ತ ಜಾಗ ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು?

“ಮುಳ್ಳಿದ್ದದ್ದು ಇದಕ್ಕ, ಸರ್. ಬುಡ ನೋಡ್ರಿ. ಅಂಟಿಸಿದ್ದರ ಕೆಳಗ ಬುಡನ ಇಲ್ಲ. ನಾ ಅಂಟಿಸಿದ್ದು ತಪ್ಪು ಪ್ರಾಣಿಗೆ.”

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಹೌದೆಂದು ತಲೆಯಾಡಿಸಿದರು.

ನೌಕರಿ ಸಿಕ್ಕಿತು! ಅವ್ವ ಓಣಿಗೆಲ್ಲ ಪೇಢೆ ಹಂಚಿ, “ನನ್ನ ಮಗಳು ಮುಳ್ಳಿಲ್ಲದ ಮುಳ್ಳು ಗುರುತು ಹಿಡಿದಾಳ” ಎಂದು ಹೇಳಿಕೊಂಡು ಬಂದಳು. ನಾನು ತಡೆಯಲಿಲ್ಲ.

ಕಾಲೇಜಿನವರು ಒಂದು ಷರತ್ತು ಮಾತ್ರ ಹಾಕಿದರು: ಮಾದರಿಗಳ ಕಪಾಟಿನ ಕೀಲಿ ಅಟೆಂಡರನ ಹತ್ತಿರವೇ ಇರತಕ್ಕದ್ದು. ಇಂದಿಗೂ ಅವನು ಒಂದೊಂದನ್ನೇ ತಂದು ಮೇಜಿನ ಮೇಲಿಟ್ಟು, ವಿದ್ಯಾರ್ಥಿಗಳೆದುರೇ ಹೇಳುತ್ತಾನೆ:

“ಮೇಡಂ, ಕೈ ಹಿಂದ ಕಟ್ಟಿಕೊಂಡು ಪಾಠ ಮಾಡ್ರಿ.”