ಹೊರೆ ಇಳಿಸುವ ಕಲ್ಲಿಗೆ ಹಗ್ಗ ಕಟ್ಟಿದವರಿಗೆ

ಕಾಡಂಚಿನ ಕಲಾಸಂಗ್ರಹಾಲಯದ ನಿರ್ದೇಶಕರ ಸನ್ನಿಧಾನಕ್ಕೆ, ಹಂಗಳದ ಕುಮಾರಿಯು ತಲೆಯ ಮೇಲೆ ಹುಲ್ಲಿನ ಹೊರೆ ಇರುವ ಕಾರಣ ಬಾಗಲಾಗದೆ, ನಿಂತಲ್ಲಿಂದಲೇ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಶಿಲ್ಪವನ ಬಲು ಸೊಗಸಾಗಿದೆ. ಹುಣಸೆ ಮರದ ಕೆಳಗಿನ ಕಂಚಿನ ಆನೆಯನ್ನೂ, ಕೊಳದ ಪಕ್ಕ ಎರಡು ಕೈಯನ್ನೂ ಆಕಾಶಕ್ಕೆ ಚಾಚಿ ಏನೂ ಮಾಡದೆ ನಿಂತಿರುವ ಕಬ್ಬಿಣದ ಗಂಡಸನ್ನೂ ಬೇಲಿಯಾಚೆಯಿಂದಲೇ ಕಣ್ತುಂಬಿಕೊಂಡಿದ್ದೇನೆ. ಏನೂ ಮಾಡದೆ ನಿಂತಿರುವ ಗಂಡಸರು ನಮ್ಮೂರಲ್ಲೂ ಇದ್ದಾರೆ, ಆದರೆ ಅವರನ್ನು ನೋಡಲು ಮೈಸೂರಿನಿಂದ ಯಾರೂ ಬರುವುದಿಲ್ಲ.

ಇವುಗಳ ನಡುವೆ ತಾವು ಸುತ್ತ ಹಗ್ಗ ಕಟ್ಟಿ, 'ಶೀರ್ಷಿಕೆ ಇಲ್ಲ, ಕಲಾವಿದರು ತಿಳಿದಿಲ್ಲ, ದಯವಿಟ್ಟು ಮುಟ್ಟಬೇಡಿ' ಎಂದು ದೊಡ್ಡಕ್ಷರದ ಫಲಕ ಹಾಕಿರುವ ಕೃತಿಯನ್ನು ಕಂಡಾಗ ಮಾತ್ರ ಬೇಲಿಗೆ ಇನ್ನಷ್ಟು ಹತ್ತಿರ ಬಂದು ನೋಡಿದೆ. ಎರಡು ಕಲ್ಲುಕಂಬ, ಮೇಲೊಂದು ಚಪ್ಪಡಿ. ರಸ್ತೆ ತಿರುವಿನಲ್ಲಿ ವಾರಸುದಾರರಿಲ್ಲದೆ ನಿಂತಿದೆಯೆಂದು ತಾವು ಟ್ರ್ಯಾಕ್ಟರಿನಲ್ಲಿ ತಂದ ಅದು ನಮ್ಮ ಹೊರೆ ಇಳಿಸುವ ಕಲ್ಲು. ಎದೆಯೆತ್ತರದ ಆ ಚಪ್ಪಡಿಗೆ ತಲೆಹೊರೆಯನ್ನು ಜಾರಿಸಿ ಸುಧಾರಿಸಿಕೊಂಡು, ಯಾರ ಕೈಯನ್ನೂ ಕಾಯದೆ ಮತ್ತೆ ಹೊತ್ತು ಹೊರಡುತ್ತಿದ್ದೆವು. ಈಗ ಒಮ್ಮೆ ನೆಲಕ್ಕಿಳಿಸಿದರೆ ಎತ್ತಿಕೊಡುವವರು ಬರುವ ತನಕ ಕಾಯಬೇಕು. ಸಂಜೆಯಾದರೆ ಆ ತಿರುವಿಗೆ ಬರುವುದು ಆನೆ, ಅದೂ ಕಂಚಿನದ್ದಲ್ಲ.

ಕಲಾವಿದರು ತಿಳಿದಿಲ್ಲ ಎಂದಿದ್ದೀರಿ. ನನ್ನ ಅತ್ತೆ ಮಾದಮ್ಮನವರಿಗೆ ತಿಳಿದಿದೆ. ಅವರ ತಂಗಿ ಮಲ್ಲಾಜಮ್ಮ ತುಂಬು ಬಸುರಿನಲ್ಲೇ ತೀರಿಕೊಂಡಾಗ, ಆಕೆ ಇಳಿಸಲಾಗದ ಹೊರೆಯನ್ನು ದಾರಿಹೋಕರಾದರೂ ಇಳಿಸಲೆಂದು, ಹಿಂದಿನವರ ವಾಡಿಕೆಯಂತೆ ಮನೆಯವರು ನಿಲ್ಲಿಸಿದ ಕಲ್ಲದು. "ಮುಟ್ಬ್ಯಾಡಿ ಅಂತ ಬರ್ದವ್ರಾ? ಮುಟ್ಲಿ ಅಂತ್ಲೇ ನಿಲ್ಸಿದ್ದು ಕಣಮ್ಮಿ" ಎಂದ ಅತ್ತೆ ಆ ದಿನ ಊಟಕ್ಕೇಳಲಿಲ್ಲ.

ಆದುದರಿಂದ ಕಲ್ಲನ್ನು ತಿರುವಿಗೆ ಮರಳಿಸಬೇಕಾಗಿ ಪ್ರಾರ್ಥನೆ. ಅದರಿಂದ ಕಲೆಗೆ ನಷ್ಟವೆನಿಸಿದರೆ, ತಮ್ಮ ಕಬ್ಬಿಣದ ಗಂಡಸನ್ನು ಪ್ರತಿ ಸಂಜೆ ಕಳಿಸಿಕೊಡಿ. ಹೇಗೂ ಕೈ ಎತ್ತಿಕೊಂಡೇ ಇದ್ದಾನೆ, ಹೊರೆ ಎತ್ತಿಕೊಡಲಿ. ಕಂಚಿನ ಆನೆಯೂ ಜೊತೆಗೆ ಬಂದು ಕಾಡಿನ ಆನೆಗೆ ನಾಲ್ಕು ಬುದ್ಧಿಮಾತು ಹೇಳಿದರೆ ಇನ್ನೂ ಉಪಕಾರ.

ಕತ್ತು ಉಳುಕಿದರೂ ಗೌರವ ತಗ್ಗದ,
ತಮ್ಮ ವಿಶ್ವಾಸಿ,
ಕುಮಾರಿ, ಹಂಗಳ

ಮರೆತ ಮಾತು: ನಿನ್ನೆ ಹೊರೆ ಹೊತ್ತೇ ತಮ್ಮ ಗೇಟಿಗೆ ಬಂದೆ. ಕಾವಲಿನವರು ನನ್ನನ್ನೂ ಯಾವುದೋ ಪ್ರದರ್ಶನದವಳೆಂದು ತಿಳಿದು ಒಳಗೆ ಬಿಟ್ಟರು. ಹಗ್ಗ ದಾಟಿ ಕಲ್ಲಿನ ಮೇಲೆ ಹೊರೆ ಇಳಿಸಿದೆ. ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಕಲ್ಲು ಹಿಂದಿರುಗುವವರೆಗೆ ನಮ್ಮ ದಾರಿ ತಮ್ಮ ಹುಲ್ಲುಹಾಸಿನ ಮೇಲೆಯೇ. ನಾಳೆ ಅತ್ತೆಯವರು ಸೌದೆ ಹೊರೆಯೊಂದಿಗೆ ಬರುತ್ತಾರೆ. ತಂಗಿಯ ಕಲ್ಲನ್ನು ಮುಟ್ಟಬೇಡಿ ಎಂದು ಅವರಿಗೆ ಹೇಳುವ ಧೈರ್ಯವಂತರನ್ನು ದಯವಿಟ್ಟು ಇಂದೇ ಗೊತ್ತುಮಾಡಿಕೊಳ್ಳಿ.