ಬಲಗೈ ಮಾವ, ಎಡಗೈ ಥ್ರೆಡ್ಡು

ನಮ್ಮ ಸೋದರಮಾವನಿಗೆ ತಲೆ ನೆಟ್ಟಗಿಲ್ಲ ಎಂದು ಶಿಕಾರಿಪುರದವರು ಹೇಳುತ್ತಿದ್ದರು. ಹಾಗೆ ಹೇಳುವ ಹಕ್ಕೇ ಅವರಿಗೆ ಇರಲಿಲ್ಲ! ಮಾವನ ತಲೆಯನ್ನು ನೋಡಿದವರು ಊರಿನಲ್ಲಿ ಎಷ್ಟು ಜನ? ಅದು ಸದಾ ಜೀಪಿನ ಕೆಳಗಿರುತ್ತಿತ್ತು. ಹೊರಗೆ ಕಾಣುತ್ತಿದ್ದುದು ಎರಡು ಪಾದ ಮಾತ್ರ. ಮಾವನ ಅಕ್ಕಿ ಗಿರಣಿಗೆ ಭತ್ತ ತಂದವರು ಆ ಪಾದಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಮಾತಾಡಿ ಹೋಗುತ್ತಿದ್ದರು. ದೂರದಿಂದ ನೋಡಿದರೆ ಯಾರೋ ಸ್ವಾಮಿಗಳ ದರ್ಶನ ನಡೆದ ಹಾಗಿರುತ್ತಿತ್ತು.

ಆ ಜೀಪು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು. ಹುಡ್ ಇಲ್ಲ, ಹಾರನ್ ಇಲ್ಲ. ಹಾರನ್ ಯಾಕೆ ಬೇಕು? ಅದು ಬರುವ ಸದ್ದಿಗೆ ಶಿರಾಳಕೊಪ್ಪದ ಎಮ್ಮೆಗಳೇ ಎದ್ದು ನಿಲ್ಲುತ್ತಿದ್ದವು.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನು ಶಿವಮೊಗ್ಗದ ಕಾನ್ವೆಂಟ್ ಹಾಸ್ಟೆಲಿನಿಂದ ರಜಕ್ಕೆ ಅಜ್ಜಿಯ ಮನೆಗೆ ಬಂದಿದ್ದೆ. ಅಜ್ಜಿ ಎಂದರೆ ಮಾವನ ತಾಯಿ. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಅವರ ಬೆನ್ನುಮೂಳೆಗೆ ಏಟಾಗಿತ್ತು. ನಡುಮನೆಯಿಂದ ಅಡುಗೆಮನೆಗೆ ನಡೆದರೆ ಅದೇ ದೊಡ್ಡ ಪ್ರಯಾಣ. ಅಂಥ ಹೊತ್ತಿನಲ್ಲಿ ಸೊರಬದಿಂದ ಅಜ್ಜಿಯ ತಂಗಿಯ ಕಾರ್ಡು ಬಂತು, ಯಾರ ಕೈಲೋ ಬರೆಸಿದ್ದು. "ನನಗೆ ಹಾಸಿಗೆ ಬಿಟ್ಟು ಏಳಲು ಆಗುತ್ತಿಲ್ಲ. ಕಣ್ಣು ದಿನದಿನಕ್ಕೆ ಮಂಜಾಗುತ್ತಿದೆ. ಅಕ್ಕಾ, ನಿನ್ನ ಮುಖ ಕಾಣುವಷ್ಟು ಇನ್ನೂ ಉಳಿದಿದೆ. ಬೇಗ ಬಾ."

ಅಜ್ಜಿ ಅಂದೇ ಬಸ್ಸಿಗೆ ಹೊರಟರು. ಊರು ದಾಟುವ ಮೊದಲೇ ಒಂದು ಗುಂಡಿಗೆ ಬಸ್ಸು ಎಗರಿ, ಅವರು ಚೀರಿದ ಚೀರಿಗೆ ಕಂಡಕ್ಟರ್ ಸೀಟಿ ಊದುವುದನ್ನೂ ಮರೆತ. ಹೊತ್ತುಕೊಂಡೇ ವಾಪಸು ತಂದೆವು. ಅಜ್ಜಿ ಆ ಕಾರ್ಡನ್ನು ದಿಂಬಿನ ಕೆಳಗಿಟ್ಟುಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು.

ಮಾವ ನೆಟ್ಟಗೆ ಹೋಗಿ ಜೀಪಿನ ಕೆಳಗೆ ತೂರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಪಾದಗಳು ಹೇಳಿದವು: "ನಮ್ಮವ್ವಗೆ ಒಂದು ಕುಲುಕೂ ತಾಗದಂಗೆ ಸೊರಬ ಮುಟ್ಟಿಸ್ತೀನಿ. ಪುಟ್ಟೀ, ಒಂದು ಚೊಂಬು ಮಜ್ಜಿಗೆ ತಾ."

ಬಾಯಾರಿಕೆ ಎಂದುಕೊಂಡೆ. ಅಲ್ಲ! ಅದು ಸೈಂಟಿಫಿಕ್ ಇನ್‌ಸ್ಟ್ರುಮೆಂಟು. ತುಂಬಿದ ಚೊಂಬನ್ನು ಹಿಂದಿನ ಸೀಟಿನಲ್ಲಿಟ್ಟು, ಪಕ್ಕದಲ್ಲಿ ನನ್ನನ್ನು ಕೂರಿಸಿ, ತೊಗರ್ಸಿಯ ಗಾಡಿದಾರಿಯಲ್ಲಿ ಓಡಿಸುವುದು. ಮಜ್ಜಿಗೆ ಚೆಲ್ಲದಿದ್ದರೆ ಅಜ್ಜಿ ಕೂರಬಹುದು. ಮೊದಲನೆಯ ದಿನ ಚೊಂಬಿನಲ್ಲಿ ಒಂದು ತೊಟ್ಟೂ ಉಳಿಯಲಿಲ್ಲ. ಎಲ್ಲವೂ ನನ್ನ ಫ್ರಾಕಿನ ಮೇಲಿತ್ತು. ಕಾನ್ವೆಂಟಿನಲ್ಲಿ ನಮಗೆ ಮಾರಲ್ ಸೈನ್ಸ್, ನೀಡಲ್‌ವರ್ಕ್, ಟೇಬಲ್ ಮ್ಯಾನರ್ಸ್ ಎಲ್ಲ ಕಲಿಸಿದ್ದರು. ಕರಿಬೇವಿನ ಒಗ್ಗರಣೆಯನ್ನು ಕೂದಲಿನಿಂದ ತೆಗೆಯುವುದು ಹೇಗೆಂದು ಯಾರೂ ಕಲಿಸಿರಲಿಲ್ಲ.

ಸ್ಪ್ರಿಂಗಿನ ಪಟ್ಟಿಗಳು ಹೆಚ್ಚಾಗಿ ಗಾಡಿ ಬಿರುಸಾಗಿದೆ ಎಂದು ಮಾವ ಅರ್ಧದಷ್ಟು ಪಟ್ಟಿ ಬಿಚ್ಚಿ ಬಿಸಾಕಿದರು. ಜೀಪು ಮೆತ್ತಗಾಯಿತು. ಅತೀ ಮೆತ್ತಗೆ! ಹಿಡಿದಿಡುವವರಿಲ್ಲದೆ ಹಿಂದಿನ ಗಾಲಿಗಳ ಆಕ್ಸಲ್ಲು ತನ್ನಿಚ್ಛೆಗೆ ಹಿಂದೆ ಮುಂದೆ ಓಲಾಡತೊಡಗಿತು. ಅದಕ್ಕೆ ಕಡಿವಾಣ ಬೇಕು. ಎಡಕ್ಕೊಂದು ಬಲಕ್ಕೊಂದು, ಆಕ್ಸಲ್ಲನ್ನು ಚಾಸಿಗೆ, ಅಂದರೆ ಗಾಡಿಯ ತಳದ ಚೌಕಟ್ಟಿಗೆ, ಕಟ್ಟುವ ಪೈಪು. ಪೈಪಿನ ಎರಡೂ ತುದಿಯ ಬಾಯಿಗೆ, ಒಳಗೆ ಥ್ರೆಡ್, ಅಂದರೆ ತಿರುಪಿನ ಸುತ್ತು, ಕೊರೆದ ಕಬ್ಬಿಣದ ಬಳೆಯಂಥ ಬುಷ್ಷು ಕೂರಿಸಿ ವೆಲ್ಡ್ ಮಾಡಬೇಕು. ಅದರೊಳಕ್ಕೆ ಬೋಲ್ಟಿನ ಕೊಂಡಿ ತಿರುಗಿಸಬೇಕು.

ಈ ಬುಷ್ಷು ಆರಿಸಲು ಮಾವ ಮೂರು ದಿನ ತೆಗೆದುಕೊಂಡರು! ತಮಗೇ ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟು ಆರುವ ಮುಂಚೆ ಎದ್ದು ಬಂದ ಮಹಾಶಯರು ಇವರು. ಬಸ್ ಸ್ಟ್ಯಾಂಡಿನ ಹಿಂದೆ, ಆಯಿಲ್ ಎಂಜಿನ್ನಿಗೆ ಬೆಲ್ಟು ಕಟ್ಟಿ ಕಬ್ಬಿಣ ಕಡೆಯುವ ಲೇತು ಓಡಿಸುತ್ತಿದ್ದ ಸಾಹೇಬರೊಬ್ಬರಿದ್ದರು. ಅವರ ಬೆಂಚಿನ ಮೇಲಿದ್ದ ಒಂದೊಂದು ಬುಷ್ಷನ್ನೂ ಮಾವ ಕಿವಿಯ ಹತ್ತಿರ ಹಿಡಿದು ತಟ್ಟಿದರು, ಪೈಪಿನ ಬಾಯಿಗಿಟ್ಟು ನೋಡಿದರು. ಸಡಿಲವಾದರೆ ಬೇಡ, ಬಿಗಿಯಾದರೂ ಬೇಡ. ಥ್ರೆಡ್ಡು ತೀರ ಸಣ್ಣದಾದರೆ ಧೂಳು ಕೂತು ಕಚ್ಚಿಕೊಳ್ಳುತ್ತದೆ, ಬೇಡ. ಕೊನೆಗೆ ನಾಲ್ಕು ಒಪ್ಪಿಗೆಯಾದವು.

ಸಾಹೇಬರು ಅದರಲ್ಲಿ ಎರಡನ್ನು ಪಕ್ಕಕ್ಕಿಟ್ಟರು. "ಪೈಪಿಗೆ ಒಂದು ಬಲಗೈ ಥ್ರೆಡ್ಡು, ಒಂದು ಎಡಗೈ ಥ್ರೆಡ್ಡು ಬೇಕ್ರೀ. ಎಡಗೈದು ಅಂದ್ರೆ ಉಲ್ಟಾ ತಿರುಗೋದು, ನಾನು ಬೇರೆ ಕೊರೆದು ಕೊಡ್ತೀನಿ."

ಮಾವ ಬೆಚ್ಚಿಬಿದ್ದರು. "ಏನ್ರೀ ಸಾಹೇಬ್ರೇ! ನಮ್ಮವ್ವ ಕೂತ್ಕೊಳ್ಳೋ ಗಾಡಿಗೆ ಎಡಗೈ ಸಾಮಾನು ಹಾಕ್ಲಾ? ನಾನು ಎಡಗೈಲಿ ಯಾರಿಗಾದ್ರೂ ಒಂದು ಅಡಿಕೆ ಹೋಳು ಕೊಟ್ಟಿದ್ದು ನೋಡೀರಾ?"

"ಇದು ಅಡಿಕೆ ಅಲ್ರೀ, ಕಬ್ಬಿಣ."

"ಕಬ್ಬಿಣಕ್ಕೆ ಮರ್ಯಾದೆ ಇಲ್ವಾ? ನಾಲ್ಕೂ ಬಲಗೈದೇ ಇರ್ಲಿ."

ಸಾಹೇಬರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಆಕಾಶ ನೋಡಿದರು, ವೆಲ್ಡ್ ಮಾಡಿಕೊಟ್ಟರು.

ಮರುದಿನ ಟೆಸ್ಟು. ಯುದ್ಧದಲ್ಲಿ ಎಲ್ಲಿ ಏಟು ತಿಂದಿತ್ತೋ, ಚಾಸಿ ಕೊಂಚ ಸೊಟ್ಟ. ಹಾಗಾಗಿ ಒಂದು ಪೈಪನ್ನು ಕೂದಲೆಳೆಯಷ್ಟು ಉದ್ದ ಮಾಡಬೇಕಿತ್ತು. ಮಾವ ಸ್ಪ್ಯಾನರ್ ಹಾಕಿ ಪೈಪು ತಿರುಗಿಸಿದರು. ಉದ್ದವಾಗಲಿಲ್ಲ. ಇನ್ನಷ್ಟು ತಿರುಗಿಸಿದರು. ಊಹೂಂ! ಒಂದು ತುದಿಯ ಬೋಲ್ಟು ಎಷ್ಟು ಹೊರಬರುತ್ತಿತ್ತೋ, ಇನ್ನೊಂದು ತುದಿಯದು ಅಷ್ಟೇ ಒಳಗೆ ಹೋಗುತ್ತಿತ್ತು. ಎರಡೂ ಬಲಗೈಯವೇ ಆದ ಮೇಲೆ ಇನ್ನೇನಾದೀತು? ಬಿಚ್ಚಿ, ತುದಿಯ ಬೋಲ್ಟನ್ನು ಒಂದು ಸುತ್ತು ಹೆಚ್ಚು ತಿರುಗಿಸಿ ಹಾಕಿದರೆ ಗಾಡಿ ಆ ಕಡೆ ಸೊಟ್ಟ. ಒಂದು ಸುತ್ತು ಕಡಿಮೆ ಮಾಡಿದರೆ ಈ ಕಡೆ ಸೊಟ್ಟ. ಜೀಪು ಥೇಟ್ ಗದ್ದೆಯ ಏಡಿಯ ಹಾಗೆ ಹೊರಟಿತು. ಮೂತಿ ಸೊರಬದ ಕಡೆ, ನಡಿಗೆ ಯಾರದೋ ಬೇಲಿಯ ಕಡೆ! ಆ ಬೇಲಿಯ ಯಜಮಾನ ಎದ್ದು ನಿಂತು ಕೇಳಿದ: "ನಮ್ಮನೆಗೇ ಬರ್ತಿದೀರೋ, ಹಿಂಗೇ ಹೋಗ್ತಿದೀರೋ? ಮೊದ್ಲೇ ಹೇಳಿದ್ರೆ ಚಾ ಇಡಿಸ್ತೀನಿ."

ಅಷ್ಟರಲ್ಲಿ ಸೊರಬದಿಂದ ಇನ್ನೊಂದು ಕಾರ್ಡು. ಒಂದೇ ಸಾಲು: "ನಿನ್ನೆ ಹಾಲಿನ ಲೋಟ ಕಾಣಲಿಲ್ಲ."

ಅದನ್ನು ಓದಿ ಹೇಳಿದವಳು ನಾನೇ. ಮಾವ ಜಗಲಿಯ ಮೇಲೆ ಕುಸಿದು ಕೂತರು. ಸಾಹೇಬರು ಹೇಳಿದ ಎಡಗೈ ಥ್ರೆಡ್ಡಿನ ಕಥೆ ಆಗ ಹೊರಬಿತ್ತು. ಅಜ್ಜಿ ಮಲಗಿದಲ್ಲಿಂದಲೇ ಕೇಳಿಸಿಕೊಂಡರು.

"ಅಲ್ಲೋ, ದಿನಾ ಬೆಳಗ್ಗೆ ಪೂಜೆಗೆ ಲಿಂಗ ಯಾವ ಕೈಲಿ ಇಟ್ಕೋತೀಯ?"

ಮಾವ ತಮ್ಮ ಎಡ ಅಂಗೈಯನ್ನು ನೋಡಿಕೊಂಡರು.

"ಶಿವ ಕೂರೋ ಕೈ ಅದು. ನಿನ್ನ ಜೀಪು ಶಿವನಿಗಿಂತ ಮಡಿನೇನೋ? ಏಳು!"

ಮಾವ ಓಡಿದ ಓಟಕ್ಕೆ ಒಂದು ಚಪ್ಪಲಿ ಜಗಲಿಯಲ್ಲೇ ಉಳಿಯಿತು. ಹಿಂದೆಯೇ ನಾನೂ ಹೋದೆ. ಸಾಹೇಬರು ಬೆಂಚಿನ ಡ್ರಾಯರ್ ಎಳೆದು ಬೋಲ್ಟಿನ ಸಮೇತ ಎರಡು ಬುಷ್ಷು ತೆಗೆದಿಟ್ಟರು. "ಎಡಗೈದು. ಆವತ್ತೇ ಕೊರೆದಿಟ್ಟಿದ್ದೆ. ತಾಯಿ ವಿಷಯ, ಬಂದೇ ಬರ್ತೀರಿ ಅಂತ ಗೊತ್ತಿತ್ತು." ನನಗೆ ಪ್ರೈಜ್ ಡೇ ದಿನ ಸಿಕ್ಕ ಯಾವ ಕಪ್ಪೂ ಆ ಎರಡು ಬುಷ್ಷಿನಷ್ಟು ಹೊಳೆದಿಲ್ಲ.

ಒಂದೊಂದು ಪೈಪಿನ ಒಂದು ತುದಿಯ ಹಳೆಯ ಬುಷ್ಷು ಕತ್ತರಿಸಿ ಇವನ್ನು ವೆಲ್ಡ್ ಮಾಡಿಸಿ, ಈ ಸಲ ಪೈಪು ತಿರುಗಿಸಿದರೆ ಎರಡೂ ತುದಿ ಒಟ್ಟಿಗೇ ಹೊರಬಂದವು. ಹದ ಸಿಕ್ಕಿತು. ಚೊಂಬಿನಲ್ಲಿ ಮಜ್ಜಿಗೆ ಅಲುಗಿತು, ಚೆಲ್ಲಲಿಲ್ಲ.

ಸೊರಬ ಮುಟ್ಟುವಷ್ಟರಲ್ಲಿ ನಮ್ಮನ್ನು ಎರಡು ಎತ್ತಿನ ಗಾಡಿ, ಒಂದು ಸೈಕಲ್ಲು ಹಿಂದೆ ಹಾಕಿದವು. ಅಜ್ಜಿ ಒಮ್ಮೆಯೂ "ಅಯ್ಯೋ" ಎನ್ನಲಿಲ್ಲ. ಮಾವ ಅವರನ್ನು ಎತ್ತಿಕೊಂಡು ಹೋಗಿ ಚಿಕ್ಕಜ್ಜಿಯ ಹಾಸಿಗೆಯ ಮೇಲೆಯೇ ಕೂರಿಸಿದರು. ಚಿಕ್ಕಜ್ಜಿ ಮುಖವನ್ನು ಹತ್ತಿರ ತಂದು, ಇನ್ನೂ ಹತ್ತಿರ ತಂದು, ಮೂಗಿಗೆ ಮೂಗು ತಾಗುವಷ್ಟು ತಂದು ನೋಡಿದರು.

"ಏನೇ ಅಕ್ಕಾ, ಇಷ್ಟು ಮುದುಕಿ ಆಗೀಯ!"

"ಕಾಣಿಸ್ತಾ?" ಅಜ್ಜಿ ಕೇಳಿದರು.

"ಚೆನ್ನಾಗಿ ಕಾಣಿಸ್ತದೆ. ಅದೇ ಬೇಜಾರು."

ಇಬ್ಬರೂ ನಕ್ಕರು, ಅತ್ತರು, ಮತ್ತೆ ನಕ್ಕರು. ಸಾಯಂಕಾಲದ ಮುಂದೆ ಚಿಕ್ಕಜ್ಜಿ ಮಾವನನ್ನು ಕರೆದರು. "ನಿನ್ನ ಗಾಡಿ ಕುಲುಕಲ್ಲಂತೆ. ನನ್ನೂ ಕೂರಿಸೋ. ಮದುವೆ ಆದಮೇಲೆ ನಾವಿಬ್ರೂ ಒಟ್ಟಿಗೆ ಎಲ್ಲಿಗೂ ಹೋಗಿಲ್ಲ."

"ಎಲ್ಲಿಗೆ ಹೋಗ್ಬೇಕು ಸಣ್ಣವ್ವ?"

"ಎಲ್ಲಿಗೂ ಬ್ಯಾಡ. ಸುಮ್ನೆ ಹೋಗು."

ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ, ಸುತ್ತ ದಿಂಬು ಕೊಟ್ಟು, ನಾವು ಸುಮ್ಮನೆ ಹೋದೆವು. ಪೇಟೆಬೀದಿ, ಬಸ್ ಸ್ಟ್ಯಾಂಡು, ಕೆರೆಯ ಏರಿ, ಮತ್ತೆ ಪೇಟೆಬೀದಿ. ಮೊದಲ ಸುತ್ತಿನಲ್ಲಿ ಹಿಂದಿನಿಂದ ಪಿಸುಮಾತು, ಕಿಸಕ್ಕನೆ ನಗು. ಎರಡನೆಯ ಸುತ್ತಿಗೆ ಸದ್ದಿಲ್ಲ. ತಿರುಗಿ ನೋಡಿದೆ. ಇಬ್ಬರೂ ಒಬ್ಬರ ತಲೆಗೆ ಒಬ್ಬರು ತಲೆ ಆನಿಸಿ ನಿದ್ದೆ ಹೋಗಿದ್ದರು. ಎಷ್ಟೋ ತಿಂಗಳಿಂದ ಅಜ್ಜಿ ನರಳದೆ ಮಲಗಿದ್ದನ್ನು ನಾನು ಕಂಡಿರಲಿಲ್ಲ.

"ಮಾವ, ಮನೆಗೆ ಹೋಗೋಣ್ವಾ?"

"ನಿಂತ್ರೆ ಎದ್ದುಬಿಡ್ತಾರೆ ಪುಟ್ಟೀ," ಎಂದರು, ತಿರುಗಿ ನೋಡದೆ. ಮೂರು ಸುತ್ತಾಯಿತು. ಐದಾಯಿತು. ಕೆರೆ ಏರಿಯ ಮೇಲೆ ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪೆಟ್ರೋಲು ಮುಗಿದಿತ್ತು. ಜೀಪು ಇನ್ನೂ ಮೆಲ್ಲಗೆ ಉರುಳುತ್ತಿರುವಾಗಲೇ ಮಾವ ಕೆಳಗೆ ಹಾರಿ, ಒಂದು ಕೈ ಸ್ಟೇರಿಂಗಿನ ಮೇಲಿಟ್ಟು, ಭುಜ ಕೊಟ್ಟು ನೂಕತೊಡಗಿದರು. ನಾನು ಷೂ ಬಿಚ್ಚಿ ಹಿಂದಿನಿಂದ ಕೈಕೊಟ್ಟೆ. ಹಾಗೆಯೇ ನೂಕುತ್ತಾ ನೂಕುತ್ತಾ, ಸದ್ದಿಲ್ಲದೆ, ಇನ್ನೊಂದು ಸುತ್ತು ಹೊರಟೆವು.